ನೋಡುತ್ತಿರುವ ಸೀರಿಯಲ್, ಅರ್ಧಕ್ಕೆ ಬಿಟ್ಟ ಸೀರಿಯಲ್: ಅಭಿಪ್ರಾಯ ಹೇಳುವುದು ಹೇಗೆ?

‘ಸೂಪರ್ ಆಗಿದೆ, ಮಿಸ್ ಮಾಡ್ಬೇಡಿ.’ ‘ಅಯ್ಯೋ, ಬರೀ ಎಳೀತಾರೆ, ಬಿಟ್ಬಿಟ್ಟೆ.’ ಸೀರಿಯಲ್ ಬಗ್ಗೆ ಮನೆಯಲ್ಲಿ, ಆಫೀಸಿನಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಓಡಾಡುವ ಮಾತು ಹೆಚ್ಚಾಗಿ ಈ ಎರಡರಲ್ಲಿ ಒಂದು. ಕೇಳಿದವರಿಗೆ ಇದರಿಂದ ಏನೂ ಗಿಟ್ಟುವುದಿಲ್ಲ. ಎಷ್ಟು ಸಂಚಿಕೆ ನೋಡಿದ ಮೇಲೆ ಸೂಪರ್? ಏನನ್ನು ಎಳೆದರು, ಎಷ್ಟು ವಾರ ಎಳೆದರು?

ಲೆಕ್ಕ ಹಾಕಿದರೆ ಇದು ಸಣ್ಣ ವಿಷಯವಲ್ಲ ಎನ್ನುವುದು ಗೊತ್ತಾಗುತ್ತದೆ. ಅರ್ಧ ಗಂಟೆಯ ಧಾರಾವಾಹಿಯಲ್ಲಿ ಜಾಹೀರಾತು ಕಳೆದರೆ ಉಳಿಯುವುದು ಸುಮಾರು 20ರಿಂದ 22 ನಿಮಿಷ. ವಾರಕ್ಕೆ 5 ಸಂಚಿಕೆಯಂತೆ ವರ್ಷಕ್ಕೆ ಸುಮಾರು 260. ಅಂದರೆ ಒಂದು ಧಾರಾವಾಹಿಯನ್ನು ‘ನೋಡಿ’ ಎಂದು ಹೇಳುವಾಗ ನಾವು ಎದುರಿಗಿರುವವರ ವರ್ಷದ 90 ಗಂಟೆಯನ್ನು ಕೇಳುತ್ತಿದ್ದೇವೆ. ಮುಕ್ಕಾಲು ಗಂಟೆಯ 8 ಸಂಚಿಕೆ ಇರುವ ವೆಬ್ ಸರಣಿಯಾದರೆ 6 ಗಂಟೆ. ಇಷ್ಟು ಹೊತ್ತನ್ನು ಕೊಡುವವರಿಗೆ ಎರಡು ಪದಕ್ಕಿಂತ ಹೆಚ್ಚಿನದನ್ನು ಹೇಳಲೇಬೇಕು.

ಇನ್ನೊಂದು ಮಾತು ಮೊದಲೇ ಹೇಳಿಬಿಡಬೇಕು. ಸೀರಿಯಲ್ ಮುಗಿಸಿದವರ ಅಭಿಪ್ರಾಯಕ್ಕಿಂತ ಬಿಟ್ಟವರ ಅಭಿಪ್ರಾಯಕ್ಕೆ ಹೆಚ್ಚು ಬೆಲೆ ಇದೆ. ಕೊನೆಯವರೆಗೆ ಉಳಿಯುವವರು ಇಷ್ಟಪಟ್ಟವರೇ, ಹಾಗಾಗಿ ಕೊನೆಗೆ ಕೇಳಿಸುವುದೂ ಹೊಗಳಿಕೆಯೇ. ನಡುವೆ ಎದ್ದುಹೋದವರು ಯಾವ ತಿರುವಿನಲ್ಲಿ ಎದ್ದರು, ಏಕೆ ಎದ್ದರು ಎನ್ನುವುದು ಯಾರಿಗೂ ತಿಳಿಯುವುದಿಲ್ಲ. ಅದನ್ನು ಸರಿಯಾಗಿ ಹೇಳುವುದಕ್ಕೇ ಈ ಬರಹದಲ್ಲಿ ಹೆಚ್ಚು ಜಾಗ ಕೊಟ್ಟಿದೆ.

ಹೆಜ್ಜೆ 1: ಎಲ್ಲಿಯವರೆಗೆ, ಹೇಗೆ ನೋಡಿದಿರಿ ಎಂದು ಮೊದಲ ಸಾಲಿನಲ್ಲೇ ಬರೆಯಿರಿ

ಅಭಿಪ್ರಾಯಕ್ಕೂ ಮೊದಲು ನಿಮ್ಮ ಸ್ಥಾನ ತಿಳಿಸಿ. ನಾಲ್ಕು ವಿವರ ಸಾಕು: ಯಾವ ಸಂಚಿಕೆಯಿಂದ ಯಾವ ಸಂಚಿಕೆಯವರೆಗೆ, ಟಿವಿಯಲ್ಲೋ ಆ್ಯಪ್‌ನಲ್ಲೋ, ಪೂರ್ತಿ ನೋಡಿದ್ದೋ ಓಡಿಸಿ ನೋಡಿದ್ದೋ, ಈಗ ಯಾವ ಹಂತದಲ್ಲಿದ್ದೀರಿ. ಸಂಚಿಕೆಯ ಸಂಖ್ಯೆ ಆ್ಯಪ್‌ನಲ್ಲಿ ಪ್ರತಿ ಸಂಚಿಕೆಯ ಕೆಳಗೆ ಇರುತ್ತದೆ. ಟಿವಿಯಲ್ಲಿ ನೋಡುವವರು ಪ್ರಸಾರದ ದಿನಾಂಕ ಕೊಟ್ಟರೆ ಆಯಿತು.

ಹಂತ ಹೇಳಲು ‘ನೋಡುತ್ತಿದ್ದೇನೆ’, ‘ಮುಗಿಸಿದೆ’, ‘ಬಿಟ್ಟೆ’ ಇಷ್ಟೇ ಸಾಲದು. ‘ನಿಲ್ಲಿಸಿದ್ದೇನೆ’ ಎನ್ನುವುದು ಬೇರೆ, ಬಿಡುವುದು ಬೇರೆ. ಪರೀಕ್ಷೆ ಬಂತು, ಊರಿಗೆ ಹೋದಿರಿ, ಚಂದಾ ಮುಗಿಯಿತು, ಅದಕ್ಕೆ ನಿಂತಿದೆ ಎಂದರೆ ಧಾರಾವಾಹಿಯ ತಪ್ಪೇನೂ ಇಲ್ಲ. ಹಾಗೆಯೇ ‘ಆಗಾಗ ನೋಡುತ್ತೇನೆ’ ಎಂಬ ಹಂತವೂ ಇದೆ. ವಾರಕ್ಕೆ ಎರಡು ಸಂಚಿಕೆ ನೋಡಿದರೂ ಕಥೆ ತಪ್ಪಿಹೋಗುವುದಿಲ್ಲ ಎಂದಾದರೆ ಅದೇ ಒಂದು ಉಪಯುಕ್ತ ಮಾಹಿತಿ. ಬಿಡುವಿಲ್ಲದವರು ಕೇಳಲು ಬಯಸುವುದು ಅದನ್ನೇ.

ಹೇಗೆ ನೋಡಿದಿರಿ ಎನ್ನುವುದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಸಂಜೆಯ ಧಾರಾವಾಹಿಯನ್ನು ಎಷ್ಟೋ ಮನೆಗಳಲ್ಲಿ ಚಪಾತಿ ಲಟ್ಟಿಸುತ್ತಾ ಕೇಳಿಸಿಕೊಳ್ಳುತ್ತಾರೆ. ಧಾರಾವಾಹಿಯ ಬರವಣಿಗೆಯೂ ಅದನ್ನು ಒಪ್ಪಿಕೊಂಡೇ ನಡೆಯುತ್ತದೆ. ಪಾತ್ರಗಳು ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳುತ್ತವೆ, ಹೆಸರು ಹಿಡಿದು ಕರೆಯುತ್ತವೆ, ಆಘಾತದ ಜಾಗದಲ್ಲಿ ಸಂಗೀತ ಗಟ್ಟಿಯಾಗುತ್ತದೆ. ಹೆಡ್‌ಫೋನ್ ಹಾಕಿ ಮೊಬೈಲಿನಲ್ಲಿ ಒಂದೇ ಸಲ ಹತ್ತು ಸಂಚಿಕೆ ನೋಡುವವರಿಗೆ ಇದೇ ಕರ್ಕಶವಾಗಿ ಕಾಣುತ್ತದೆ. ಹಾಗೆ ನೋಡಿ ‘ಹೇಳಿದ್ದನ್ನೇ ಹೇಳುತ್ತಾರೆ’ ಎಂದು ಬರೆಯುವುದಾದರೆ, ಹಾಗೆ ನೋಡಿದೆ ಎನ್ನುವುದನ್ನೂ ಬರೆಯಿರಿ.

ಮೊದಲ ಸಾಲು ಹೀಗಿರಲಿ: ‘1ರಿಂದ 46ನೇ ಸಂಚಿಕೆ, ಆ್ಯಪ್‌ನಲ್ಲಿ, 30ರ ನಂತರ ಹಿನ್ನೋಟದ ದೃಶ್ಯ ಹಾರಿಸಿ ನೋಡಿದ್ದು. 46ಕ್ಕೆ ಬಿಟ್ಟೆ.’

ಹೆಜ್ಜೆ 2: ಸಂಚಿಕೆಗೆ ಒಂದು ಸಾಲು ಗುರುತು ಹಾಕಿಕೊಳ್ಳಿ

ದಿನವೂ ಬರುವ ಕಥೆಯ ದೊಡ್ಡ ತೊಡಕೆಂದರೆ ಮರೆವು. ಮೂರು ವಾರದ ಹಿಂದೆ ಯಾವುದು ಹಿಡಿಸಿತ್ತು ಎನ್ನುವುದು ನಿನ್ನೆಯ ಸಿಟ್ಟಿನಲ್ಲಿ ಕೊಚ್ಚಿಹೋಗುತ್ತದೆ. ಮೊಬೈಲಿನ ನೋಟ್ಸ್‌ನಲ್ಲಿ ಸಂಚಿಕೆಗೊಂದು ಸಾಲು ಬರೆದರೆ ಸಾಕು, ಅರ್ಧ ನಿಮಿಷದ ಕೆಲಸ. ಬರೆಯಬೇಕಾದ್ದು ಒಂದೇ ಪ್ರಶ್ನೆಗೆ ಉತ್ತರ: ಈ ಸಂಚಿಕೆ ಶುರುವಾದಾಗ ಇಲ್ಲದ ಯಾವ ಸಂಗತಿ ಮುಗಿದಾಗ ಇದೆ? ಯಾರಿಗಾದರೂ ಗುಟ್ಟು ತಿಳಿಯಿತೇ, ಯಾರಾದರೂ ತೀರ್ಮಾನ ತೆಗೆದುಕೊಂಡರೇ, ಇಬ್ಬರ ನಡುವಿನ ಸಂಬಂಧ ಬದಲಾಯಿತೇ?

ವಾರದ ಐದು ಸಾಲುಗಳಲ್ಲಿ ಮೂರಕ್ಕೆ ಉತ್ತರ ಸಿಕ್ಕರೆ ಕಥೆ ನಡೆಯುತ್ತಿದೆ ಎಂದು ತಿಳಿಯಿರಿ. ಒಂದಕ್ಕೆ ಮಾತ್ರ ಸಿಕ್ಕು, ಅದೂ ಶುಕ್ರವಾರದ್ದಾಗಿದ್ದರೆ ಎಳೆಯುತ್ತಿದ್ದಾರೆ. ಶನಿವಾರ, ಭಾನುವಾರ ಪ್ರಸಾರ ಇಲ್ಲದ ಧಾರಾವಾಹಿಗಳು ಸೋಮವಾರಕ್ಕೆ ನಿಮ್ಮನ್ನು ಮರಳಿ ಕರೆಯಲು ದೊಡ್ಡ ಕೊಕ್ಕೆಯನ್ನು ಶುಕ್ರವಾರಕ್ಕೇ ಇಡುತ್ತವೆ. ಸೋಮವಾರ ಆ ಕೊಕ್ಕೆ ಏನಾಯಿತು ಎನ್ನುವುದನ್ನು ತಪ್ಪದೆ ಬರೆದುಕೊಳ್ಳಿ. ಬಾಗಿಲು ತೆರೆದಾಗ ನಿಂತಿದ್ದದ್ದು ಪಕ್ಕದ ಮನೆಯವರು, ಕೇಳಿಸಿದ್ದು ತಪ್ಪು, ಕಂಡದ್ದು ಕನಸು ಎಂದು ವಾರವಾರವೂ ಜಾರಿಕೊಳ್ಳುವ ಧಾರಾವಾಹಿ ನೋಡುಗರ ನಂಬಿಕೆಯನ್ನು ಖರ್ಚು ಮಾಡುತ್ತಿರುತ್ತದೆ. ‘ನಾಲ್ಕು ವಾರದಲ್ಲಿ ಮೂರು ಸಲ ಶುಕ್ರವಾರದ ಕೊಕ್ಕೆ ಸುಳ್ಳಾಯಿತು’ ಎಂದು ಬರೆದರೆ ಯಾರೂ ಅದನ್ನು ಅಲ್ಲಗಳೆಯಲಾರರು.

ಇನ್ನೂ ಖಚಿತವಾಗಿ ಹೇಳಬೇಕಿದ್ದರೆ ಮೊಬೈಲಿನ ಸ್ಟಾಪ್‌ವಾಚ್ ಹಿಡಿಯಿರಿ. ಒಂದೇ ಸಂಚಿಕೆಯಲ್ಲಿ ಹಿಂದಿನ ಕಥೆಯ ನೆನಪು, ಶೀರ್ಷಿಕೆ ಗೀತೆ, ಹಳೆಯ ದೃಶ್ಯಗಳ ಹಿನ್ನೋಟ, ಒಂದೇ ಮಾತಿಗೆ ಮನೆಯವರೆಲ್ಲರ ಮುಖವನ್ನು ಒಂದೊಂದಾಗಿ ತೋರಿಸುವ ಹೊತ್ತು, ನಾಳೆಯ ಸಂಚಿಕೆಯ ತುಣುಕು, ಇವನ್ನೆಲ್ಲ ಕೂಡಿಸಿ. 21 ನಿಮಿಷದಲ್ಲಿ ಇದೇ 8 ನಿಮಿಷ ತಿಂದಿದ್ದರೆ ‘ಬೋರು’ ಎನ್ನುವುದಕ್ಕಿಂತ ಆ ಸಂಖ್ಯೆಯನ್ನೇ ಕೊಡಿ. ಆದರೆ ಒಂದು ಸಂಚಿಕೆಯ ಲೆಕ್ಕದಿಂದ ತೀರ್ಪು ಬೇಡ. ಬೇರೆ ಬೇರೆ ವಾರದ ಮೂರು ಸಂಚಿಕೆಯನ್ನಾದರೂ ಅಳೆಯಿರಿ. ಕಲಾವಿದರ ದಿನಾಂಕ ಸಿಗದೆ, ಇರುವ ದೃಶ್ಯಗಳಲ್ಲೇ ಸಂಚಿಕೆ ತುಂಬಿಸಬೇಕಾದ ದಿನಗಳೂ ಬರುತ್ತವೆ.

ಹೆಜ್ಜೆ 3: ಯಾವ ಬಗೆಯ ಸರಣಿ ಎಂದು ನೋಡಿ, ತೀರ್ಪಿಗೆ ಕಾಲ ಗೊತ್ತುಮಾಡಿ

ಎಲ್ಲವನ್ನೂ ಒಂದೇ ಅಳತೆಗೋಲಿನಿಂದ ಅಳೆಯಲಾಗದು. 1980ರ ದಶಕದಲ್ಲಿ ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿ ದೂರದರ್ಶನಕ್ಕೆ ಕೊಟ್ಟ ‘ಮಾಲ್ಗುಡಿ ಡೇಸ್’ನಲ್ಲಿ ಒಂದು ಸಣ್ಣಕಥೆ ಹೆಚ್ಚಾಗಿ ಒಂದೇ ಸಂಚಿಕೆಯಲ್ಲಿ ಮುಗಿಯುತ್ತಿತ್ತು. ದಿನವೂ ಬರುವ ಇಂದಿನ ಧಾರಾವಾಹಿಯನ್ನು ಅದರ ಪಕ್ಕ ಇಟ್ಟು ‘ಆಗಿನ ಕಾಲವೇ ಚೆಂದ’ ಎನ್ನುವುದು ಸುಲಭ, ಆದರೆ ಹೋಲಿಕೆ ನ್ಯಾಯವಲ್ಲ. ಹೋಲಿಸಲೇಬೇಕಿದ್ದರೆ ದಿನದ ಧಾರಾವಾಹಿಯನ್ನು ದಿನದ ಧಾರಾವಾಹಿಯ ಜೊತೆಗೇ ಹೋಲಿಸಿ. ಟಿ.ಎನ್. ಸೀತಾರಾಮ್ ಅವರ ‘ಮಾಯಾಮೃಗ’ ಮತ್ತು ‘ಮುಕ್ತ’ ದಿನವೂ ಬಂದವೇ. ಕೋರ್ಟು, ರಾಜಕೀಯ, ಮಧ್ಯಮ ವರ್ಗದ ಹಣದ ಚಿಂತೆಯನ್ನು ಇಟ್ಟುಕೊಂಡೂ ಜನರನ್ನು ಹಿಡಿದಿಟ್ಟವು. ‘ದಿನದ ಧಾರಾವಾಹಿ ಎಂದರೆ ಇಷ್ಟೇ’ ಎಂದು ಮೈ ಕೊಡವಿಕೊಳ್ಳುವವರಿಗೆ ಕೊಡಬಹುದಾದ ಸರಿಯಾದ ಉತ್ತರ ಅಲ್ಲಿದೆ.

ದಿನದ ಧಾರಾವಾಹಿಗೆ ಎಷ್ಟು ಸಂಚಿಕೆ ಕಾಯಬೇಕು? ಮೊದಲ ವಾರ ಪಾತ್ರಗಳ ಪರಿಚಯಕ್ಕೇ ಹೋಗುತ್ತದೆ. ಮೊದಲ ಎರಡು ಮೂರು ವಾರಗಳನ್ನು ತಂಡಗಳು ವಿಶೇಷ ಮುತುವರ್ಜಿಯಿಂದ ಮಾಡುತ್ತವೆ. ಹೊರಾಂಗಣ ಚಿತ್ರೀಕರಣ, ಹಬ್ಬ, ಜಾತ್ರೆ, ಡ್ರೋನ್ ದೃಶ್ಯ ಎಲ್ಲ ಅಲ್ಲೇ. ಆಮೇಲೆ ಕಥೆ ಒಂದೆರಡು ಮನೆಯ ಹಜಾರಕ್ಕೆ ಬಂದು ಕೂರುತ್ತದೆ. ಆದ್ದರಿಂದ 15 ಸಂಚಿಕೆ ನೋಡಿ ಹೊಗಳುವುದು ಬೇಗವಾಯಿತು. ಆರನೆಯ ವಾರ, ಅಂದರೆ 26ರಿಂದ 30ನೇ ಸಂಚಿಕೆ, ಧಾರಾವಾಹಿಯ ನಿಜವಾದ ನಡೆಯನ್ನು ತೋರಿಸುತ್ತದೆ. ಬಿಡುವವರು ಅಷ್ಟು ಕಾಯಬೇಕಿಲ್ಲ. ಹತ್ತು ಸಂಚಿಕೆಯಲ್ಲಿ ಒಂದು ಪಾತ್ರದ ಮೇಲೂ ಕುತೂಹಲ ಹುಟ್ಟದಿದ್ದರೆ ಬಿಡಬಹುದು.

ವೆಬ್ ಸರಣಿಗೆ ಎರಡು ಸಂಚಿಕೆ ಸಾಕು. ಬಿಡುವುದಾದರೆ ಮೂರನೆಯದಕ್ಕೆ ಬಿಡಿ, ಕೊನೆಯದಕ್ಕೆ ಮೊದಲು ಬಿಡಬೇಡಿ. ಏಳನೆಯ ಸಂಚಿಕೆಯವರೆಗೆ ನೋಡಿ ಎಂಟನೆಯದನ್ನು ನೋಡದೆ ತನಿಖೆಯ ಕಥೆಯೊಂದರ ಬಗ್ಗೆ ತೀರ್ಪು ಕೊಡುವುದು ಅರ್ಥವಿಲ್ಲದ ಕೆಲಸ. ಬಿಡಿ ಕಥೆಗಳ ಸಂಕಲನವಾದರೆ ಇನ್ನೊಂದು ಎಚ್ಚರ ಬೇಕು. 2024ರಲ್ಲಿ ಬಂದ ‘ಏಕಂ’ ಕರಾವಳಿಯ ಏಳು ಬೇರೆ ಬೇರೆ ಕಥೆಗಳ ಸರಣಿ. ಅದರಲ್ಲಿ ಒಂದು ಹಿಡಿಸದೆ ನಿಲ್ಲಿಸಿದರೆ ‘ಸರಣಿ ಬಿಟ್ಟೆ’ ಎನ್ನುವಂತಿಲ್ಲ, ಯಾವ ಕಥೆ ಹಿಡಿಸಲಿಲ್ಲ ಎನ್ನಬೇಕು. ದೊಡ್ಡ ಒಟಿಟಿಗಳು ಕೊಳ್ಳಲು ಮುಂದೆ ಬಾರದೆ ಅದರ ತಂಡ ತಮ್ಮದೇ ಜಾಲತಾಣದಲ್ಲಿ ಬಿಡುಗಡೆ ಮಾಡಿತು. ಅಂಥ ಕೃತಿ ಜನರನ್ನು ತಲುಪುವುದು ನೋಡಿದವರ ಬಾಯಿಮಾತಿನಿಂದಲೇ. ಕನ್ನಡದಲ್ಲಿ ವೆಬ್ ಸರಣಿ ಇನ್ನೂ ಬೆರಳೆಣಿಕೆಯಷ್ಟೇ ಇರುವಾಗ, ಮೊದಲ ಹತ್ತು ನಿಮಿಷ ನೋಡಿ ‘ವೇಸ್ಟು’ ಎಂದು ಹರಡುವ ಒಂದು ಸಾಲು ಮಾಡುವ ಹಾನಿ ಸಣ್ಣದಲ್ಲ. ಸುಮ್ಮನೆ ಹೊಗಳಿ ಎಂದು ಇದರ ಅರ್ಥವಲ್ಲ. ನೋಡಿದಷ್ಟನ್ನೇ ಹೇಳಿ.

ಡಬ್ ಆದವುಗಳದ್ದು ಬೇರೆ ದಾರಿ. 2020ರ ಲಾಕ್‌ಡೌನ್ ಹೊತ್ತಿನಲ್ಲಿ ಸ್ಟಾರ್ ಸುವರ್ಣದಲ್ಲಿ ‘ಮಹಾಭಾರತ’ ಕನ್ನಡದಲ್ಲಿ ಬಂದಮೇಲೆ ಡಬ್ಬಿಂಗ್ ಧಾರಾವಾಹಿ ನಮ್ಮ ಮನೆಗಳಿಗೆ ಹೊಸತಲ್ಲ. ಇಲ್ಲಿ ನೀವು ಹೇಳಬೇಕಾದ್ದು ಸೆಟ್, ಗ್ರಾಫಿಕ್ಸ್‌ಗಿಂತ ಹೆಚ್ಚಾಗಿ ಕನ್ನಡದ ಬಗ್ಗೆ. ದನಿ ಪಾತ್ರಕ್ಕೆ ಕೂತಿದೆಯೇ, ವಾಕ್ಯ ಕನ್ನಡದ್ದಾಗಿದೆಯೇ, ತುಟಿಗೆ ಹೊಂದಿಸಲು ಹೋಗಿ ಮಾತು ಮುರಿದಿದೆಯೇ? ಕೆಟ್ಟು ಹೋದ ಒಂದು ಸಂಭಾಷಣೆಯನ್ನು ಹಾಗೆಯೇ ಎತ್ತಿ ತೋರಿಸಿ.

ಹೆಜ್ಜೆ 4: ದೋಷ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿ

ಹೆಚ್ಚಿನ ಅಭಿಪ್ರಾಯಗಳು ಸೋಲುವುದು ಇಲ್ಲಿ. ಕೋಪ ಪರದೆಯ ಮೇಲೆ ಕಾಣುವ ಮುಖದ ಮೇಲೆ ಬೀಳುತ್ತದೆ, ತಪ್ಪು ಬೇರೆಲ್ಲೋ ಇರುತ್ತದೆ.

ಶೀರ್ಷಿಕೆಯ ಹೊತ್ತಿನಲ್ಲಿ ಬರುವ ಹೆಸರುಗಳನ್ನು ಒಮ್ಮೆ ನಿಲ್ಲಿಸಿ ಓದಿ. ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಸಂಭಾಷಣೆ ಮತ್ತೊಬ್ಬರದು ಇರಬಹುದು. ನಿರ್ದೇಶಕರ ಜೊತೆಗೆ ಸಂಚಿಕೆ ನಿರ್ದೇಶಕರೂ ಇರಬಹುದು. ಮುಂದೇನಾಗಬೇಕು ಎನ್ನುವುದು ಕಥೆಯ ಕೆಲಸ. ಅದು ಯಾವ ಸಂಚಿಕೆಯಲ್ಲಿ, ಯಾವ ಕ್ರಮದಲ್ಲಿ ಆಗಬೇಕು ಎನ್ನುವುದು ಚಿತ್ರಕಥೆಯದು. ಗುಟ್ಟು ಗೊತ್ತಿದ್ದ ಪಾತ್ರ ಕಾರಣವಿಲ್ಲದೆ ಮೂರು ವಾರ ಬಾಯಿ ಮುಚ್ಚಿಕೊಂಡಿದ್ದರೆ ಚಿತ್ರಕಥೆ ಕುಂಟಿದೆ. ಮಂಡ್ಯದ ಹಳ್ಳಿಯ ಹೆಂಗಸು ನಡುವೆ ಬೆಂಗಳೂರಿನ ಕಾಲೇಜು ಕನ್ನಡ ಮಾತಾಡಿದರೆ ಸಂಭಾಷಣೆ ಎಡವಿದೆ. ಅಳುವ ದೃಶ್ಯದಲ್ಲಿ ನಟಿ ಸರಿಯಾಗಿಯೇ ಮಾಡಿದ್ದರೂ ಮೂರು ಕೋನದಿಂದ ಮೂರು ಸಲ ತೋರಿಸಿ ಕೆಡಿಸಿದ್ದರೆ ಅದು ಸಂಕಲನದ ಮಟ್ಟದಲ್ಲಾದ ತಪ್ಪು. ಇವನ್ನೆಲ್ಲ ‘ಆ್ಯಕ್ಟಿಂಗ್ ಸರಿ ಇಲ್ಲ’ ಎಂಬ ಒಂದೇ ಮೂಟೆಗೆ ತುಂಬಬೇಡಿ.

ಖಳಪಾತ್ರದ ವಿಷಯ ಇನ್ನೂ ಸೂಕ್ಷ್ಮ. ಅತ್ತೆಯ ಪಾತ್ರದವರನ್ನು ಕಂಡರೆ ಮೈ ಉರಿಯುತ್ತದೆ ಎನ್ನುವುದು ಆ ನಟಿಗೆ ಸಲ್ಲಬೇಕಾದ ಮೆಚ್ಚುಗೆ. ಮೈ ಉರಿಯುವುದು ನಿಂತು ಬೇಸರ ಬಂದಿದ್ದರೆ, ಅವರಿಗೆ ಹೊಸದೇನನ್ನೂ ಮಾಡಲು ಬರವಣಿಗೆ ಕೊಟ್ಟಿಲ್ಲ ಎಂದರ್ಥ. ಹಾಲಿಗೆ ಏನೋ ಬೆರೆಸುವುದು, ಫೋನಿನಲ್ಲಿ ಕದ್ದು ಕೇಳುವುದು, ಪತ್ರ ಬಚ್ಚಿಡುವುದು ಇವೇ ಸುತ್ತಿ ಸುತ್ತಿ ಬರುತ್ತಿರುತ್ತವೆ. ಎಷ್ಟನೆಯ ಸಲ ಎಂದು ಎಣಿಸಿ ಬರೆಯಿರಿ.

ವಾಹಿನಿಯ ತೀರ್ಮಾನಗಳು ಮತ್ತೊಂದು ಬಗೆ. ಬಾರ್ಕ್ ಸಂಸ್ಥೆಯ ವೀಕ್ಷಕರ ಅಂಕಿ ಅಂಶ ಪ್ರತಿ ಗುರುವಾರ ಬರುತ್ತದೆ. ಟಿಆರ್‌ಪಿ ಇಳಿದರೆ ಕಥೆಗೆ ತಿರುವು, ಎರಡು ಧಾರಾವಾಹಿಗಳನ್ನು ಬೆಸೆಯುವ ಮಹಾಸಂಗಮ, ಒಂದು ಗಂಟೆಯ ಮಹಾಸಂಚಿಕೆ, ಸಮಯ ಬದಲಾವಣೆ ಎಲ್ಲವೂ ಬರಬಹುದು. ರಾತ್ರಿಯ ಧಾರಾವಾಹಿಯನ್ನು ಸಂಜೆ ಆರಕ್ಕೆ ತಳ್ಳಿದ ಮೇಲೆ ಆಫೀಸಿಗೆ ಹೋಗುವವರು ಬಿಟ್ಟರೆ, ಅವರು ಬಿಟ್ಟದ್ದು ಹೊಸ ಸಮಯವನ್ನು. ಹಾಗೆಂದು ಬರೆದರೆ ಆ್ಯಪ್‌ನಲ್ಲಿ ನೋಡುವವರು ಆ ಅಭಿಪ್ರಾಯವನ್ನು ಪಕ್ಕಕ್ಕಿಟ್ಟು ಮುಂದೆ ಹೋಗುತ್ತಾರೆ.

ರಿಮೇಕ್ ಆಗಿದ್ದರೆ ಮೂಲ ಯಾವುದು ಎಂದು ಹೇಳಿ, ಎರಡರ ಉದ್ದವನ್ನೂ ಕೊಡಿ. ಜೀ ಕನ್ನಡದ ‘ಜೊತೆ ಜೊತೆಯಲಿ’ ಮರಾಠಿಯ ‘ತುಲಾ ಪಾಹತೆ ರೆ’ಯಿಂದ ಬಂದದ್ದು. ಮರಾಠಿಯದು 2018ರಲ್ಲಿ ಶುರುವಾಗಿ 2019ರಲ್ಲಿ ಮುಗಿಯಿತು. ಕನ್ನಡದ್ದು 2019ರಿಂದ 2023ರವರೆಗೆ ನಡೆಯಿತು. ವರ್ಷದೊಳಗೆ ಹೇಳಿದ ಕಥೆ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ನಡೆದಾಗ ಹೊಸದಾಗಿ ಸೇರಿದ್ದೇನು, ಅದು ಕಥೆಗೆ ಬಲ ಕೊಟ್ಟಿತೇ ಎನ್ನುವುದೇ ಅಂಥ ಧಾರಾವಾಹಿಯ ಬಗ್ಗೆ ಕೇಳಬೇಕಾದ ಮುಖ್ಯ ಪ್ರಶ್ನೆ. ಅದೇ ಧಾರಾವಾಹಿಯಲ್ಲಿ 2022ರಲ್ಲಿ ನಾಯಕ ನಟರು ಬದಲಾದರು. ಇಂಥ ಬದಲಾವಣೆ ಆದ ಕಡೆಯೆಲ್ಲ ಅಭಿಪ್ರಾಯವನ್ನು ‘ಮೊದಲು’, ‘ಆಮೇಲೆ’ ಎಂದು ಎರಡು ಭಾಗ ಮಾಡಿ. ಹೊಸ ಕಲಾವಿದರಿಗೆ ಎರಡು ವಾರ ಕೊಡಿ. ನಮ್ಮ ಕಣ್ಣು ಹಳೆಯ ಮುಖವನ್ನೇ ಹುಡುಕುತ್ತಿರುವಾಗ ಅವರ ಕೆಲಸ ಕಾಣುವುದಿಲ್ಲ.

ಹೆಜ್ಜೆ 5: ಬಿಟ್ಟ ಕಾರಣವನ್ನು ಬಿಡಿಸಿ ಬರೆಯಿರಿ

ಬಿಡುವುದಕ್ಕೆ ಕಾರಣ ಸಾಮಾನ್ಯವಾಗಿ ಒಂದೇ ಇರುವುದಿಲ್ಲ. ಬರೆಯುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ.

ಬಿಡುವ ಯೋಚನೆ ಮೊದಲು ಬಂದದ್ದು ಯಾವಾಗ, ನಿಜವಾಗಿ ಬಿಟ್ಟದ್ದು ಯಾವಾಗ? ಇವೆರಡರ ನಡುವೆ ಹೆಚ್ಚಾಗಿ ಹದಿನೈದು ಇಪ್ಪತ್ತು ಸಂಚಿಕೆಯ ಅಂತರ ಇರುತ್ತದೆ. ಕೆಟ್ಟದ್ದು ಮೊದಲ ಜಾಗದಲ್ಲಿ, ಬಿಡಲು ನೆಪ ಸಿಕ್ಕಿದ್ದು ಎರಡನೆಯ ಜಾಗದಲ್ಲಿ. 60ನೇ ಸಂಚಿಕೆಯ ಅಪಘಾತದ ದೃಶ್ಯ ನೋಡಿ ಬಿಟ್ಟೆ ಎನ್ನುವವರು ತಮ್ಮ ಸಾಲುಗಳನ್ನು ತಿರುವಿದರೆ 41ರಿಂದಲೇ ‘ಏನೂ ಇಲ್ಲ’ ಎಂದು ಬರೆದಿರುವುದು ಕಾಣಬಹುದು. ಓದುವವರಿಗೆ 41 ಮುಖ್ಯ.

ಎರಡನೆಯದು, ಯಾವ ಭರವಸೆ ಮುರಿಯಿತು? ಪ್ರೋಮೋ ಮತ್ತು ಮೊದಲ ವಾರ ಒಂದು ಮಾತು ಕೊಟ್ಟಿರುತ್ತವೆ. ಓದಿ ಕೆಲಸ ಹಿಡಿಯುವ ಹುಡುಗಿಯ ಕಥೆ, ನಡುವಯಸ್ಸಿನ ಇಬ್ಬರ ಮದುವೆಯ ಕಥೆ, ಗಂಡ ಬಿಟ್ಟ ತಾಯಿ ಮಕ್ಕಳನ್ನು ಸಾಕುವ ಕಥೆ. ಐವತ್ತು ಸಂಚಿಕೆಯ ನಂತರ ಹುಡುಗಿಯ ಓದು ಎಲ್ಲಿ ಹೋಯಿತು? ಅವಳು ಪುಸ್ತಕ ಹಿಡಿದ ಕೊನೆಯ ದೃಶ್ಯ ಯಾವ ಸಂಚಿಕೆಯದು? ಹೀಗೆ ಕೇಳಿದರೆ ‘ಟ್ರ್ಯಾಕ್ ಬದಲಾಯಿತು’ ಎಂಬ ಸವೆದ ಮಾತಿಗೆ ಜೀವ ಬರುತ್ತದೆ.

ಮೂರನೆಯದು, ಸಹಿಸಲಾಗದ್ದು ಏನಾದರೂ ಇತ್ತೇ? ಹೆಂಡತಿಗೆ ಹೊಡೆದ ಗಂಡನನ್ನು ಮರುವಾರವೇ ಪ್ರೇಮಿಯಂತೆ ತೋರಿಸುವುದು, ಮೈಬಣ್ಣವನ್ನು ಹಾಸ್ಯಕ್ಕೆ ಬಳಸುವುದು, ಕಾಯಿಲೆಗೆ ಡಾಕ್ಟರ ಬದಲು ಮಾಟವೇ ಉತ್ತರ ಎನ್ನುವುದು. ಇಂಥದ್ದನ್ನು ಕಂಡು ಬಿಟ್ಟಿದ್ದರೆ ಮೆತ್ತಗೆ ಹೇಳಬೇಕಿಲ್ಲ. ಆದರೆ ಪಾತ್ರ ತಪ್ಪು ಮಾಡುವುದು ಬೇರೆ, ಧಾರಾವಾಹಿ ಆ ತಪ್ಪಿನ ಪರ ನಿಲ್ಲುವುದು ಬೇರೆ. ಹೊಡೆದವನಿಗೆ ಕಥೆಯೊಳಗೆ ಯಾರಾದರೂ ಎದುರು ಹೇಳಿದರೇ, ಆ ಹೊತ್ತಿನ ಹಿನ್ನೆಲೆ ಸಂಗೀತ ಯಾರ ಕಡೆಗಿತ್ತು, ಕ್ಷಮೆ ಕೇಳಿದವರು ಯಾರು ಎನ್ನುವುದನ್ನು ನೋಡಿದರೆ ಧಾರಾವಾಹಿಯ ಪಕ್ಷ ತಿಳಿಯುತ್ತದೆ.

ಇನ್ನು ಮಾದರಿ ನೋಡೋಣ. ಕೆಳಗಿನ ಧಾರಾವಾಹಿ ಊಹೆಯದು.

ಕೆಲಸಕ್ಕೆ ಬಾರದ್ದು: ‘ಮೊದಲು ಚೆನ್ನಾಗಿತ್ತು, ಆಮೇಲೆ ಡೈರೆಕ್ಟರ್ ಹಾಳು ಮಾಡಿದ. ನಾಯಕಿಗೆ ಅಳೋದು ಬಿಟ್ಟು ಏನೂ ಬರಲ್ಲ. ಯಾರೂ ನೋಡ್ಬೇಡಿ.’

ಕೆಲಸಕ್ಕೆ ಬರುವುದು: ‘1ರಿಂದ 72, ಟಿವಿಯಲ್ಲಿ. ಬಿಟ್ಟೆ. ಮೊದಲ 40 ಸಂಚಿಕೆಯಲ್ಲಿ ಹೊಲಿಗೆ ಅಂಗಡಿ ಇಡುವ ಅಕ್ಕತಂಗಿಯರ ಹಣದ ಲೆಕ್ಕ, ಬಾಡಿಗೆ, ಮೊದಲ ಗಿರಾಕಿ, ಎಲ್ಲವೂ ನಂಬುವಂತಿತ್ತು. 41ರಲ್ಲಿ ಶ್ರೀಮಂತ ಮನೆಯವರು ಬಂದಮೇಲೆ ಅಂಗಡಿ ಮೂರೇ ಸಲ ಕಂಡಿದೆ. ಅಕ್ಕನಿಗೆ 55ರಲ್ಲೇ ಗೊತ್ತಾದ ಗುಟ್ಟನ್ನು 72ರಲ್ಲೂ ಹೇಳಿಲ್ಲ, ಹೇಳದಿರಲು ಕಾರಣವೂ ಕೊಟ್ಟಿಲ್ಲ. ತಂಗಿಯ ಪಾತ್ರದವರ ಅಭಿನಯಕ್ಕಾಗಿ ಇಷ್ಟು ದಿನ ನೋಡಿದೆ. ದೊಡ್ಡ ಮನೆಯ ಒಳಜಗಳ ಇಷ್ಟಪಡುವವರಿಗೆ 41ರಿಂದಾಚೆಯೇ ಹಿಡಿಸಬಹುದು. ಅಂಗಡಿಗೆ ಕಥೆ ಮರಳಿದರೆ ನಾನೂ ಮರಳುತ್ತೇನೆ.’

ಎರಡನೆಯದರಲ್ಲಿ ಕೊನೆಯ ಎರಡು ವಾಕ್ಯಗಳನ್ನು ಗಮನಿಸಿ. ನಿಮಗೆ ಹಿಡಿಸದ್ದು ಯಾರಿಗೆ ಹಿಡಿಸಬಹುದು ಎಂದು ಹೇಳುವುದು ಸೌಜನ್ಯ ಮಾತ್ರವಲ್ಲ, ಅದೇ ಮಾಹಿತಿ. ‘ಯಾರೂ ನೋಡಬೇಡಿ’ ಎನ್ನುವುದು ಇನ್ನೂ ನೋಡುತ್ತಿರುವವರನ್ನು ದಡ್ಡರು ಎಂದಂತೆ. ದಿನವೂ ತಪ್ಪದೆ ನೋಡುವ ಅಮ್ಮಂದಿರು, ಅಜ್ಜಿಯರು ನಾಳೆಯ ತಿರುವನ್ನು ಇವತ್ತೇ ಹೇಳಬಲ್ಲಷ್ಟು ಕಥೆಯ ಕಟ್ಟನ್ನು ಬಲ್ಲವರು. ಅವರನ್ನು ಗೇಲಿ ಮಾಡುವ ಅಭಿಪ್ರಾಯ ಧಾರಾವಾಹಿಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಹೆಜ್ಜೆ 6: ಕಥೆ ಎಷ್ಟು ಬಿಟ್ಟುಕೊಡಬೇಕು?

ಟಿವಿಯಲ್ಲಿ ಬರುವ ಮೊದಲೇ ಸಂಚಿಕೆಯನ್ನು ಆ್ಯಪ್‌ನಲ್ಲಿ ಚಂದಾದಾರರಿಗೆ ತೋರಿಸುವ ಪದ್ಧತಿ ಬಂದಮೇಲೆ ಒಂದೇ ಗುಂಪಿನಲ್ಲಿ ಮೂರು ಬಗೆಯ ನೋಡುಗರು ಇರುತ್ತಾರೆ: ನಾಳೆಯದನ್ನು ಇವತ್ತೇ ನೋಡಿದವರು, ಟಿವಿಯಲ್ಲಿ ನೋಡುವವರು, ತಡವಾಗಿ ನೋಡುವವರು. ಹೊರದೇಶದ ಕನ್ನಡಿಗರು ಮೂರನೆಯ ಗುಂಪಿನವರು. ಇಲ್ಲಿ ರಾತ್ರಿ 9.30 ಆದಾಗ ನ್ಯೂಯಾರ್ಕಿನಲ್ಲಿ ಬೇಸಿಗೆಯ ಲೆಕ್ಕಕ್ಕೆ ಮಧ್ಯಾಹ್ನ 12, ಕ್ಯಾಲಿಫೋರ್ನಿಯಾದಲ್ಲಿ ಬೆಳಗ್ಗೆ 9. ಅವರು ಕೆಲಸ ಮುಗಿಸಿ ಸಂಜೆ ನೋಡುವಷ್ಟರಲ್ಲಿ ನಮಗೆ ಮರುದಿನ ಬೆಳಗಾಗಿರುತ್ತದೆ. ಆದ್ದರಿಂದ ದಿನದ ಧಾರಾವಾಹಿಯ ಬಗ್ಗೆ ಟಿವಿ ಪ್ರಸಾರವಾಗಿ 24 ಗಂಟೆ ಕಳೆದ ಮೇಲೆ ಬಿಚ್ಚು ಮಾತಾಡಿದರೆ ಎಲ್ಲರಿಗೂ ನ್ಯಾಯ. ಅದಕ್ಕೂ ಮೊದಲು ಬರೆಯುವುದಿದ್ದರೆ ಮೇಲೆ ‘ಸ್ಪಾಯ್ಲರ್: 112ನೇ ಸಂಚಿಕೆ’ ಎಂದು ಹಾಕಿ, ವಾಟ್ಸಾಪ್‌ನಲ್ಲಾದರೆ ನಾಲ್ಕಾರು ಖಾಲಿ ಸಾಲು ಬಿಟ್ಟು ಬರೆಯಿರಿ. ಸಂಖ್ಯೆ ಇಲ್ಲದ ಬರೀ ‘ಸ್ಪಾಯ್ಲರ್’ ಎಂಬ ಎಚ್ಚರಿಕೆಯಿಂದ 100ರಲ್ಲಿರುವವರಿಗೂ 115ರಲ್ಲಿರುವವರಿಗೂ ಉಪಯೋಗವಿಲ್ಲ.

ವೆಬ್ ಸರಣಿಗೆ ಸರಳ ನಿಯಮ: ಮೊದಲ ಎರಡು ಸಂಚಿಕೆಯ ಕಥೆಯನ್ನು ಮಾತ್ರ ಹೇಳಿ. ‘ಕೊನೆಯಲ್ಲಿ ಒಂದು ಟ್ವಿಸ್ಟ್ ಇದೆ’ ಎನ್ನುವುದೂ ಸ್ಪಾಯ್ಲರೇ.

ಹೆಜ್ಜೆ 7: ಎಲ್ಲೆ ಎಲ್ಲಿದೆ ಎಂದು ತಿಳಿದಿರಿ

ಸಾರ್ವಜನಿಕರ ಮುಂದಿಟ್ಟ ಅಭಿನಯ, ಬರವಣಿಗೆಯ ಗುಣದೋಷವನ್ನು ಪ್ರಾಮಾಣಿಕವಾಗಿ ಹೇಳುವುದು ಮಾನಹಾನಿಯಲ್ಲ. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್‌ನಲ್ಲಿ ಇದಕ್ಕೆ ಸ್ಪಷ್ಟ ವಿನಾಯಿತಿ ಇದೆ. ಆದರೆ ಆ ರಕ್ಷಣೆ ಕೃತಿಯಲ್ಲಿ ಕಾಣುವುದರ ಬಗ್ಗೆ ಮಾತಾಡುವಾಗ ಮಾತ್ರ. ಕಲಾವಿದರು ಏಕೆ ತಂಡ ಬಿಟ್ಟರು, ಸಂಭಾವನೆ ಎಷ್ಟು, ಮನೆಯಲ್ಲಿ ಏನು ನಡೆಯಿತು ಎಂಬ ಗಾಳಿಮಾತು ಅದರೊಳಗೆ ಬರುವುದಿಲ್ಲ. ಮೈಕಟ್ಟು, ವಯಸ್ಸು, ಬಣ್ಣದ ಮಾತು ಕಾನೂನಿಗೂ ಮೊದಲು ಮರ್ಯಾದೆಗೆ ಹೊರಗು.

ವಿಮರ್ಶೆಗಾಗಿ ಒಂದು ಚಿತ್ರ ಅಥವಾ ಚಿಕ್ಕ ತುಣುಕು ಬಳಸಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಇಡೀ ಸಂಚಿಕೆಯನ್ನು ಟೆಲಿಗ್ರಾಂನಲ್ಲಿ ಹಂಚುವುದು ಪೈರಸಿ. ಆ್ಯಪ್‌ನಿಂದ ಸ್ಕ್ರೀನ್‌ಶಾಟ್ ತೆಗೆದರೆ ಕಪ್ಪು ಪರದೆ ಬರುವುದು ಅದನ್ನು ತಡೆಯುವ ವ್ಯವಸ್ಥೆಯಿಂದ. ವಾಹಿನಿಯೇ ಹೊರಬಿಟ್ಟ ಪ್ರೋಮೋದ ಚಿತ್ರ ಬಳಸಿದರೆ ಈ ತೊಡಕಿಲ್ಲ.

ಬೇಸರ ಹಂಚಿಕೊಳ್ಳುವುದಷ್ಟೇ ಅಲ್ಲದೆ ದೂರು ಕೊಡಲೇಬೇಕು ಎನಿಸುವ ದೃಶ್ಯಗಳೂ ಇರುತ್ತವೆ. 2021ರ ನಿಯಮಗಳಂತೆ ಟಿವಿ ವಾಹಿನಿಗೂ ಒಟಿಟಿಗೂ ದೂರು ಪರಿಹಾರ ಅಧಿಕಾರಿ ಇರಬೇಕು. ದೂರು ತಲುಪಿದ 24 ಗಂಟೆಯಲ್ಲಿ ಸ್ವೀಕೃತಿ, 15 ದಿನದಲ್ಲಿ ಉತ್ತರ ಕೊಡಬೇಕು. ಉತ್ತರ ಸಮಾಧಾನ ತರದಿದ್ದರೆ ಸ್ವಯಂ ನಿಯಂತ್ರಣ ಸಂಸ್ಥೆಗೆ ಹೋಗಬಹುದು. ಮನರಂಜನಾ ವಾಹಿನಿಗಳಿಗಾಗಿ ಬಿಸಿಸಿಸಿ ಎಂಬ ಮಂಡಳಿ 2011ರಿಂದ ಇದೆ. ಅಧಿಕಾರಿಯ ವಿಳಾಸ ವಾಹಿನಿಯ ಜಾಲತಾಣದ ಅಡಿಭಾಗದಲ್ಲಿ ಸಿಗುತ್ತದೆ. ಧಾರಾವಾಹಿಯ ಹೆಸರು, ಪ್ರಸಾರದ ದಿನಾಂಕ, ಸಮಯ, ದೃಶ್ಯದ ಎರಡು ಸಾಲಿನ ವಿವರಣೆ ಇಲ್ಲದ ದೂರು ಮುಂದೆ ಸಾಗುವುದಿಲ್ಲ. ಹೆಜ್ಜೆ 2ರ ಟಿಪ್ಪಣಿ ಇದ್ದರೆ ಇವೆಲ್ಲ ಕೈಯಲ್ಲೇ ಇರುತ್ತವೆ.

ಹೆಜ್ಜೆ 8: ಬರೆಯುವ ಅಳತೆ, ಮತ್ತೆ ತಿದ್ದುವ ದಿನ

120ರಿಂದ 150 ಪದ ಸಾಕು, ಮೊಬೈಲಿನ ಒಂದು ಪರದೆಗೆ ಹಿಡಿಸುತ್ತದೆ. ಸ್ಥಾನ, ಹಿಡಿಸಿದ್ದು ಒಂದು, ಹಿಡಿಸದ್ದು ಒಂದು (ಎರಡಕ್ಕೂ ಸಂಚಿಕೆಯ ಸಂಖ್ಯೆ), ಯಾರಿಗೆ ಹೊಂದಬಹುದು, ನೀವು ಮುಂದುವರಿಸುತ್ತೀರೋ ಇಲ್ಲವೋ. ಧ್ವನಿ ಸಂದೇಶವಾದರೆ ಒಂದೂವರೆ ನಿಮಿಷ ಮೀರಬೇಡಿ. ಐದಕ್ಕೆ ಇಷ್ಟು ಎಂದು ಅಂಕ ಕೊಡುವುದು ವೆಬ್ ಸರಣಿಗೆ ಸರಿ. ಮುಗಿಯದ ಧಾರಾವಾಹಿಗೆ ಅಂಕ ಕೊಟ್ಟರೆ ಅದು ಆ ತಿಂಗಳಿಗೆ ಮಾತ್ರ ಅನ್ವಯ. ಕೊಡುವುದಾದರೆ ತಿಂಗಳ ಹೆಸರನ್ನೂ ಹಾಕಿ.

ಸಿಟ್ಟು ಬಂದ ರಾತ್ರಿ ಬರೆದದ್ದನ್ನು ಬೆಳಗ್ಗೆ ಕಳಿಸಿ. ನೋಡುತ್ತಿರುವ ಧಾರಾವಾಹಿಯ ಅಭಿಪ್ರಾಯವನ್ನು 50 ಸಂಚಿಕೆಗೊಮ್ಮೆ, ಅಂದರೆ ಸುಮಾರು ಎರಡೂವರೆ ತಿಂಗಳಿಗೊಮ್ಮೆ ತಿದ್ದಿ. ಹಳೆಯದನ್ನು ಅಳಿಸದೆ ಕೆಳಗೆ ‘100ನೇ ಸಂಚಿಕೆಗೆ’ ಎಂದು ಸೇರಿಸಿ. ಬಿಟ್ಟ ಧಾರಾವಾಹಿಯ ಬಗ್ಗೆ, ಬಿಟ್ಟ ಮೇಲೆ ನೋಡಿದ ಪ್ರೋಮೋ ಇಟ್ಟುಕೊಂಡು ಏನನ್ನೂ ಸೇರಿಸಬೇಡಿ. ಕಥೆ ಸುಧಾರಿಸಿದೆ ಎಂದು ಯಾರಾದರೂ ಹೇಳಿದರೆ ಯಾವ ಸಂಚಿಕೆಯಿಂದ ಎಂದು ಕೇಳಿ, ಅಲ್ಲಿಂದ ಒಂದು ವಾರದ ಐದು ಸಂಚಿಕೆ ನೋಡಿ, ಆಮೇಲೆ ಬರೆಯಿರಿ.